ಅಚ್ಚಿನ ಹೊಣೆ, ಕಾಗದದ ಹೊಣೆ

(ಆಕಾಶವಾಣಿ ಭಾಷಣ)

ಭಟ್ಕಳದಿಂದ ಹೊನ್ನಾವರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 66ರ ಅಂಚಿನಲ್ಲಿ ಬೆಳಗಿನ ಜಾವ ನಿಂತವರಿಗೆ ಒಂದು ನೋಟ ತಪ್ಪದೆ ಕಾಣುತ್ತದೆ. ಬಂದರಿನಲ್ಲಿ ಮೀನು ತುಂಬಿಕೊಂಡ ಪಿಕಪ್ ವಾಹನಗಳು ಹಿಂಭಾಗವನ್ನು ನೆಲದತ್ತ ತಗ್ಗಿಸಿ, ಮೂತಿಯನ್ನು ಆಕಾಶದತ್ತ ಎತ್ತಿ, ಮಂಜುಗಡ್ಡೆ ಕರಗಿದ ಉಪ್ಪುನೀರನ್ನು ದಾರಿಯುದ್ದಕ್ಕೂ ಸುರಿಸುತ್ತ ಉತ್ತರಕ್ಕೆ ಧಾವಿಸುತ್ತವೆ. ಹೊನ್ನಾವರದಲ್ಲಿ ಬಲಕ್ಕೆ ತಿರುಗಿ, ಶರಾವತಿಯ ದಂಡೆಯನ್ನು ಹಿಡಿದು, ಗೇರುಸೊಪ್ಪೆಯ ಘಟ್ಟವನ್ನು ಏರಿ, ಹೊತ್ತೇರುವ ಮುನ್ನ ಅವು ಸಾಗರದ ಪೇಟೆಯನ್ನು ಮುಟ್ಟಬೇಕು. ಮೀನಿಗೆ ಕಾಯುವ ವ್ಯವಧಾನವಿಲ್ಲ.

ಜೀವಮಾನವಿಡೀ ಹಳಗನ್ನಡ ಕಾವ್ಯವನ್ನು ಪಾಠಮಾಡಿ ನಿವೃತ್ತನಾದವನು ವಾಹನದ ಹಿಂದಿನ ಅಚ್ಚಿನ ಕುರಿತು ಮಾತನಾಡಲು ಹೊರಟಿರುವುದು ಅಧಿಕಪ್ರಸಂಗವೆಂದು ಶ್ರೋತೃಗಳಿಗೆ ತೋರಿದರೆ ಆಶ್ಚರ್ಯವಿಲ್ಲ. ಆದರೆ ಈ ವಿಷಯವನ್ನು ನಾನು ಹುಡುಕಿಕೊಂಡು ಹೋದವನಲ್ಲ. ಅದೇ ನನ್ನ ಮನೆಯ ಜಗಲಿಗೆ ಬಂತು. ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೀನು ಸಾಗಿಸಲೆಂದು ಡೀಸೆಲ್ ಪಿಕಪ್ ಕೊಳ್ಳಲು ನಿಶ್ಚಯಿಸಿದ. ಬೆಲೆ ಸುಮಾರು ಒಂಬತ್ತು ಲಕ್ಷ ರೂಪಾಯಿ. ತಾಯಿಯ ಬಳೆಗಳನ್ನು ಅಡವಿಟ್ಟು ಮುಂಗಡ ಕೂಡಿಸಿದ, ಉಳಿದುದಕ್ಕೆ ಸಾಲ. ಸಾಲಕ್ಕೆ ಜಾಮೀನು ಬೇಕಾಯಿತು. "ಸರ್, ನಿಮ್ಮದೊಂದು ಸಹಿ" ಎಂದ. ನಾನು ಕಾಗದವನ್ನು ಓದದೆ ರುಜು ಹಾಕಿದೆ. ಅವನೂ ಡೀಲರರ ಅಂಗಡಿಯಲ್ಲಿ ಹತ್ತಾರು ಕಡೆ ಓದದೆ ರುಜು ಹಾಕಿ ಬಂದಿದ್ದ. ಅವುಗಳಲ್ಲಿ ಒಂದು, ಬೇರೆಯೇ ಹಣ ತೆತ್ತು ಪಡೆದ 'ಎಕ್ಸ್‌ಟೆಂಡೆಡ್ ವಾರಂಟಿ'. ಎಂದರೆ ಮೂಲ ಭರವಸೆಯ ಅವಧಿ ಮುಗಿದ ಮೇಲೂ ಕೆಲಕಾಲ ಮುಂದುವರಿಯುವ ಭರವಸೆಯ ಪತ್ರ.

ಇಪ್ಪತ್ತನೆಯ ತಿಂಗಳಿನಲ್ಲಿ, ಗೇರುಸೊಪ್ಪೆಯ ಮೇಲಿನ ಒಂದು ತಿರುವಿನಲ್ಲಿ, ಮೊದಲನೆಯ ಗೇರಿನಲ್ಲಿ ಏರುತ್ತಿದ್ದಾಗ ಹಿಂದಿನಿಂದ ಒಂದು ಸದ್ದಾಯಿತಂತೆ. ಎಂಜಿನ್ ಮೊರೆಯುತ್ತಿತ್ತು, ಗಾಡಿ ಚಲಿಸಲಿಲ್ಲ. ಬ್ರೇಕು ಹಿಡಿದುದರಿಂದ ಅವನೂ ಕ್ಲೀನರ್ ಹುಡುಗನೂ ಉಳಿದರು. ಮೀನು ಉಳಿಯಲಿಲ್ಲ. ತುಂಡಾದುದು ಹಿಂದಿನ ಅಚ್ಚಿನೊಳಗಿನ ದಂಡ. ವಾರಂಟಿಯ ಪತ್ರವನ್ನು ಹಿಡಿದುಕೊಂಡು ಹೋದವನಿಗೆ ಸಿಕ್ಕ ಉತ್ತರ: ಇದು ಭರವಸೆಯ ವ್ಯಾಪ್ತಿಗೆ ಸೇರದು. ಸಾಲದ ಕಂತು ತಪ್ಪಿದಾಗ ನನಗೂ ಒಂದು ಪತ್ರ ಬಂತು. ಆಗ ನಾವಿಬ್ಬರೂ ಜಗಲಿಯ ಮೇಲೆ ಕುಳಿತು, ಮೊದಲೇ ಓದಬೇಕಾಗಿದ್ದ ಕಾಗದಗಳನ್ನು ಓದತೊಡಗಿದೆವು. ಆ ಓದಿನಿಂದಲೂ, ಗ್ಯಾರೇಜಿನ ಹಿರಿಯ ಮೇಸ್ತ್ರಿಯೊಬ್ಬರಿಂದಲೂ ನಾನು ಕಲಿತುದನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಅಚ್ಚು ಎಂಬುದು ಸಂಸ್ಕೃತದ 'ಅಕ್ಷ' ಶಬ್ದದ ತದ್ಭವ. ಇಂಗ್ಲಿಷಿನ 'ಆಕ್ಸಲ್' ಕೂಡ ಅದೇ ಪ್ರಾಚೀನ ಮೂಲದ ಕುಡಿ. ಎತ್ತಿನ ಗಾಡಿಯ ಅಚ್ಚಿಗೆ ಒಂದೇ ಕೆಲಸ: ಭಾರ ಹೊರುವುದು. ಎಳೆಯುವ ಕೆಲಸ ಎತ್ತಿನದು. ಪಿಕಪ್ಪಿನ ಹಿಂದಿನ ಅಚ್ಚಿಗೆ ಎರಡು ಕೆಲಸ: ಭಾರವನ್ನೂ ಹೊರಬೇಕು, ಚಕ್ರವನ್ನೂ ತಿರುಗಿಸಬೇಕು. ಅಡ್ಡಲಾಗಿರುವ ಉಕ್ಕಿನ ಕೊಳವೆಯ ನಡುವೆ ಗಡಿಗೆಯಂತೆ ಉಬ್ಬಿರುವ ಭಾಗದಲ್ಲಿ ಹಲ್ಲಿನ ಚಕ್ರಗಳಿರುತ್ತವೆ. ಗ್ಯಾರೇಜಿನವರು ಇವನ್ನು ಕ್ರೌನ್, ಪಿನಿಯನ್ ಎನ್ನುತ್ತಾರೆ. ಅಲ್ಲಿಂದ ಎಡಕ್ಕೊಂದು ಬಲಕ್ಕೊಂದು ದಂಡ ಹೊರಟು ಚಕ್ರಗಳನ್ನು ಸೇರುತ್ತವೆ. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಉರುಳಬೇಕಾದುದರಿಂದ, ಎರಡಕ್ಕೂ ಬೇರೆ ಬೇರೆ ವೇಗ ಕೊಡುವ 'ಡಿಫರೆನ್ಷಿಯಲ್' ಎಂಬ ಯುಕ್ತಿಯೂ ಅಲ್ಲಿಯೇ ಅಡಗಿದೆ. ಇದನ್ನು ವಾಹನಕ್ಕೆ ಅಳವಡಿಸಿದ ಕೀರ್ತಿ 19ನೆಯ ಶತಮಾನದ ಪೂರ್ವಾರ್ಧದ ಪೆಕ್ಯೂರ್ ಎಂಬ ಫ್ರೆಂಚ್ ಕುಶಲಿಗೆ ಸಲ್ಲುತ್ತದೆ. ಇದರಲ್ಲೊಂದು ತೊಡಕುಂಟು. ಒಂದು ಬದಿಯ ದಂಡ ತುಂಡಾದರೆ ಶಕ್ತಿಯೆಲ್ಲ ಆ ಬದಿಯಲ್ಲಿಯೇ ವ್ಯರ್ಥವಾಗಿ ತಿರುಗುತ್ತದೆ. ಇನ್ನೊಂದು ಚಕ್ರ ಸರಿಯಾಗಿದ್ದರೂ ಗಾಡಿ ನಿಲ್ಲುತ್ತದೆ.

ದಂಡವನ್ನು ಜೋಡಿಸುವುದರಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಮೊದಲನೆಯದರಲ್ಲಿ, ಅಂದರೆ 'ಸೆಮಿ ಫ್ಲೋಟಿಂಗ್' ಎಂಬುದರಲ್ಲಿ, ಚಕ್ರವನ್ನು ತಿರುಗಿಸುವ ದಂಡವೇ ಗಾಡಿಯ ಭಾರವನ್ನೂ ಹೊರುತ್ತದೆ. ಅದು ಹೊರತುದಿಯಲ್ಲಿ ತುಂಡಾದರೆ ಚಕ್ರವೇ ಕಳಚಿ ಹೋಗುವ ಅಪಾಯವಿದೆ. ಎರಡನೆಯದು 'ಫುಲ್ ಫ್ಲೋಟಿಂಗ್'. ಇದರಲ್ಲಿ ಭಾರವನ್ನು ಹೊರಗಿನ ಕೊಳವೆ ಹೊರುತ್ತದೆ. ದಂಡಕ್ಕೆ ತಿರುಗಿಸುವ ಕೆಲಸವಷ್ಟೆ. ದಂಡ ತುಂಡಾದರೂ ಚಕ್ರ ಸ್ಥಾನ ಬಿಡದು, ಚಕ್ರದ ಬ್ರೇಕೂ ಉಳಿಯುತ್ತದೆ. ನನ್ನ ವಿದ್ಯಾರ್ಥಿಯ ಗಾಡಿ ಈ ಎರಡನೆಯ ಬಗೆಯದಾಗಿತ್ತು. ಅವನಿಂದು ಬದುಕಿರುವುದಕ್ಕೆ ಅದೂ ಒಂದು ಕಾರಣ. ಹಿಂದಿನ ಚಕ್ರದ ನಡುವಿನಲ್ಲಿ ಹೊರಕ್ಕೆ ಚಾಚಿದ ಗುಂಬವೂ ಅದರ ಮೇಲೆ ಬೋಲ್ಟುಗಳ ಒಂದು ಸಣ್ಣ ವರ್ತುಲವೂ ಕಂಡರೆ ಸಾಮಾನ್ಯವಾಗಿ ಅದು ಫುಲ್ ಫ್ಲೋಟಿಂಗ್. ಘಟ್ಟದ ದಾರಿಯಲ್ಲಿ ಭಾರ ಹೊರುವವರು ಗಾಡಿಯ ಬಣ್ಣವನ್ನು ನೋಡುವ ಮೊದಲು ಇದನ್ನು ನೋಡಬೇಕು.

ಹಾಗಾದರೆ ದಂಡ ಏಕೆ ತುಂಡಾಯಿತು? ಮೇಸ್ತ್ರಿಯವರು ಎರಡು ತುಂಡುಗಳನ್ನೂ ನನ್ನ ಕೈಯಲ್ಲಿಟ್ಟರು. ಮುರಿದ ಮುಖದ ಒಂದು ಭಾಗ ಕಪ್ಪಾಗಿ ನುಣುಪಾಗಿತ್ತು. ಉಳಿದ ಭಾಗ ಹೊಸದಾಗಿ ಒಡೆದ ಕಲ್ಲಿನಂತೆ ಹೊಳೆಯುತ್ತಿತ್ತು. "ಕಪ್ಪಾದದ್ದು ಹಳೆಯ ಬಿರುಕು ಸರ್, ಹೊಳೆಯುವುದು ಆ ದಿನದ್ದು" ಎಂದರು. ಲೋಹಕ್ಕೂ ಆಯಾಸವುಂಟು. ಒಂದು ಸಲಕ್ಕೆ ತಾಳಿಕೊಳ್ಳುವ ಭಾರವನ್ನೇ ಲಕ್ಷಾಂತರ ಸಲ ಹೇರಿದರೆ ಕೂದಲೆಳೆಯಷ್ಟು ಬಿರುಕು ಮೂಡಿ, ದಿನದಿನಕ್ಕೆ ಬೆಳೆದು, ಒಂದು ದಿನ ಹಠಾತ್ತನೆ ಸೋಲುತ್ತದೆ. 1842ರ ಮೇ 8ರಂದು ವರ್ಸೇಲ್ಸಿನಿಂದ ಪ್ಯಾರಿಸಿಗೆ ಮರಳುತ್ತಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿದು ಹತ್ತಾರು ಜನ ಸತ್ತರು. ಆ ಬಳಿಕವೇ ಯೂರೋಪಿನ ಎಂಜಿನಿಯರುಗಳು ಅಚ್ಚುಗಳ ಈ ಆಯಾಸವನ್ನು ಗಂಭೀರವಾಗಿ ಪರಿಶೀಲಿಸತೊಡಗಿದರು. ಜರ್ಮನಿಯ ವೋಲರ್ ಎಂಬಾತ ವರ್ಷಗಟ್ಟಲೆ ಪ್ರಯೋಗ ನಡೆಸಿ ಅದಕ್ಕೊಂದು ಶಾಸ್ತ್ರವನ್ನೇ ಕಟ್ಟಿದ.

ನಮ್ಮ ಲೆಕ್ಕ ಸರಳವಾಗಿತ್ತು. ಗಾಡಿಗೆ ವಿಧಿಸಿದ ಹೊರೆ 1,300 ಕಿಲೋ. ಅವನು ಹೇರುತ್ತಿದ್ದುದು ಎರಡು ಟನ್ನಿಗೆ ಹತ್ತಿರ. ಕೇಳಿದರೆ "ಮೀನು ಬರೀ ಹದಿಮೂರು ಕ್ವಿಂಟಲ್ ಸರ್" ಎಂದ. ಮೀನಿನ ತೂಕ ಸರಿ. ಮಂಜುಗಡ್ಡೆಯದನ್ನೂ ಕ್ರೇಟುಗಳದನ್ನೂ ಯಾರು ಎಣಿಸಬೇಕು? ಹಿಂಭಾಗ ತಗ್ಗುತ್ತದೆಂದು ಕಮಾನಿಗೆ ಒಂದು ಪಟ್ಟಿ ಹೆಚ್ಚಿಗೆ ಹಾಕಿಸಿದ್ದ. ಕಮಾನು ಗಟ್ಟಿಯಾದರೆ ಗಾಡಿ ನೆಟ್ಟಗೆ ಕಾಣುತ್ತದೆ, ಅಷ್ಟೆ. ಅಚ್ಚಿನ ಬಲ ಒಂದು ಗುಲಗಂಜಿಯಷ್ಟೂ ಹೆಚ್ಚುವುದಿಲ್ಲ. ಅಪಾಯದ ಸೂಚನೆ ಮಾತ್ರ ಮರೆಯಾಗುತ್ತದೆ.

ನಮ್ಮ ಕರಾವಳಿಗೆ ವಿಶೇಷವಾದ ಶತ್ರುಗಳು ಇನ್ನೆರಡಿವೆ. ಒಂದು ಉಪ್ಪುನೀರು, ಅದು ಕಮಾನಿನ ಪಟ್ಟಿ, ಅದನ್ನು ಬಿಗಿದ ಬೋಲ್ಟು, ಬ್ರೇಕಿನ ಕೊಳವೆ ಇವನ್ನು ತಿನ್ನುತ್ತದೆ. ಇನ್ನೊಂದು ಮಳೆಗಾಲದ ನೆರೆ. ಓಡಿ ಬಿಸಿಯಾದ ಅಚ್ಚು ತಣ್ಣೀರಿನಲ್ಲಿ ಮುಳುಗಿದಾಗ ಒಳಗಿನ ಗಾಳಿ ಕುಗ್ಗಿ, ಉಸಿರುಗೊಳವೆಯಿಂದಲೋ ಸವೆದ ಸೀಲಿನಿಂದಲೋ ನೀರನ್ನು ಒಳಗೆಳೆದುಕೊಳ್ಳುತ್ತದೆ. ಒಳಗಿನ ಎಣ್ಣೆ ಹಾಲಿನಂತೆ ಬೆಳ್ಳಗಾದರೆ ನೀರು ಸೇರಿತೆಂದು ಅರ್ಥ. ಅಂಥ ಎಣ್ಣೆಯಲ್ಲಿ ಬೇರಿಂಗೂ ಹಲ್ಲುಗಳೂ ಬಹುಕಾಲ ಬಾಳವು. ನಮ್ಮ ಹಿರಿಯರು ಎತ್ತಿನ ಗಾಡಿಗೆ ಕೀಲೆಣ್ಣೆ ಹಾಕದೆ ಹೊರಡುತ್ತಿರಲಿಲ್ಲ. ಇಂದಿನವರು ಎಂಜಿನ್ನಿನ ಎಣ್ಣೆಯನ್ನು ನೆನೆಯುತ್ತಾರೆ, ಹಿಂದಿನ ಅಚ್ಚಿನ ಎಣ್ಣೆಯನ್ನು ಮರೆಯುತ್ತಾರೆ.

ಇನ್ನು ಕಾಗದದ ಮಾತು. ಗ್ಯಾರಂಟಿ, ವಾರಂಟಿ ಎರಡೂ ಮೂಲದಲ್ಲಿ ಒಂದೇ ಶಬ್ದ. ಹಳೆಯ ಫ್ರೆಂಚಿನ ಎರಡು ಪ್ರಾಂತಭೇದಗಳಿಂದ ಇಂಗ್ಲಿಷಿಗೆ ಬಂದು ಒಂದಕ್ಕೆ ಗಕಾರವೂ ಇನ್ನೊಂದಕ್ಕೆ ವಕಾರವೂ ಪ್ರಾಪ್ತವಾದವು. ನಮ್ಮ ಪಾಲು ಹಾಲಾದರೂ ಹಸು ಬದಲಾಗಲಿಲ್ಲವಷ್ಟೆ. ಕನ್ನಡದಲ್ಲಿ ಎರಡಕ್ಕೂ ಒಪ್ಪುವ ಅಚ್ಚ ಶಬ್ದ 'ಹೊಣೆ'. ಯಾವ ಹೊಣೆಗೂ ಮೇರೆ ಇರಬೇಕು. ಹರಿಕಥೆಯ ದಾಸರು ಹೇಳುವ ಕಥೆಯಲ್ಲಿ, ಯುದ್ಧದ ನಡುವೆ ದಶರಥನ ರಥದ ಕಡಾಣಿ ಕಳಚಿದಾಗ ಕೈಕೇಯಿ ತನ್ನ ಬೆರಳನ್ನೇ ಅಚ್ಚಿನ ತೂತಿಗೆ ಕೊಟ್ಟಳು. ಸಂತೋಷಪಟ್ಟ ದೊರೆ ಎರಡು ವರಗಳನ್ನು ಕೊಟ್ಟ. ಅವಧಿಯನ್ನೂ ಹೇಳಲಿಲ್ಲ, ನಿಬಂಧನೆಯನ್ನೂ ಹಾಕಲಿಲ್ಲ. ಅದರ ಫಲವೇನಾಯಿತೆಂಬುದು ಎಲ್ಲರಿಗೂ ಗೊತ್ತು. ಇಂದಿನ ಕಂಪನಿಗಳು ದಶರಥನಂತಲ್ಲ. ಅವುಗಳ ವರಕ್ಕೆ ಅವಧಿಯೂ ಉಂಟು, ಸಣ್ಣಕ್ಷರದ ನಿಬಂಧನೆಯೂ ಉಂಟು.

ಮೊದಲನೆಯ ಮೇರೆ ದೂರದ್ದು. 'ಮೂರು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅದು' ಎಂದಿದ್ದರೆ ಕೊಳ್ಳುವವನ ಕಣ್ಣು ಮೂರು ವರ್ಷದ ಮೇಲೆ ನಿಲ್ಲುತ್ತದೆ. ಭಟ್ಕಳ ಸಾಗರಗಳ ನಡುವೆ ದಿನಕ್ಕೆ 250 ಕಿಲೋಮೀಟರಿನಂತೆ, ತಿಂಗಳಿಗೆ 25 ದಿನ ಓಡಿದರೆ 6,250 ಆಯಿತು. ಯಾಂತ್ರಿಕ ಮೀನುಗಾರಿಕೆಯ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗೆ ಗಾಡಿ ನಿಂತಿತೆಂದೇ ಇಟ್ಟುಕೊಳ್ಳಿ. ಆಗಸ್ಟಿನಲ್ಲಿ ಕೊಂಡ ಗಾಡಿಯ ಮೂರು ವರ್ಷ ಹದಿನೆಂಟೇ ತಿಂಗಳಲ್ಲಿ ಮುಗಿದು ಹೋಗುತ್ತದೆ! ಹೀಗೆ ದೂರ ಓಡುವವನಿಗೆ ವರ್ಷಗಳನ್ನು ಹೆಚ್ಚಿಸುವ ವಾರಂಟಿಯಿಂದ ಪ್ರಯೋಜನವಿಲ್ಲ. ಕಿಲೋಮೀಟರುಗಳನ್ನು ಹೆಚ್ಚಿಸುವುದು ಬೇಕು.

ಎರಡನೆಯ ಮೇರೆ ದೋಷದ್ದು. ವಾರಂಟಿ ಹೊಣೆ ಹೊರುವುದು ತಯಾರಿಕೆಯ ಮತ್ತು ವಸ್ತುವಿನ ದೋಷಕ್ಕೆ. ಮಿತಿ ಮೀರಿದ ಹೊರೆ, ಕಾಲಕ್ಕೆ ಸರಿಯಾಗಿ ಮಾಡಿಸದ ಸರ್ವಿಸು, ಮೂಲರೂಪದಲ್ಲಿ ಮಾಡಿದ ಮಾರ್ಪಾಡು, ಹೊಕ್ಕ ನೀರು, ಸವೆಯುವ ಭಾಗಗಳು ಇವೆಲ್ಲ ಸಾಮಾನ್ಯವಾಗಿ ಹೊರಗುಳಿಯುತ್ತವೆ. ಕೆಟ್ಟ ಮೀನಿಗೂ ದುಡಿಮೆಯಿಲ್ಲದ ದಿನಗಳಿಗೂ ಪರಿಹಾರ ಸಾಮಾನ್ಯವಾಗಿ ಇರುವುದಿಲ್ಲ. ವಿಸ್ತರಿಸಿದ ವಾರಂಟಿಯನ್ನು ಕೊಡುವವರು ತಯಾರಕರೋ, ಡೀಲರರೋ, ವಿಮೆಯವರೋ ಎಂಬುದನ್ನೂ ನೋಡಬೇಕು. ಅಚ್ಚಿನ ಯಾವ ಯಾವ ಭಾಗ ಅದರಲ್ಲಿ ಸೇರಿದೆ, ಗಾಡಿಯನ್ನು ಎಳೆದು ತರುವ ಖರ್ಚು ಯಾರದು, ಮಾರಿದರೆ ವಾರಂಟಿ ಕೊಂಡವನಿಗೆ ಸಲ್ಲುವುದೋ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಬೇಕು.

ನಮಗೆ ಉತ್ತರ ಕೊಟ್ಟವರು ತೋರಿಸಿದುದು ಎರಡು: ಹೆಚ್ಚಿಗೆ ಹಾಕಿದ ಕಮಾನಿನ ಪಟ್ಟಿ, ಮತ್ತು ಗಾಡಿಯಲ್ಲಿಯೇ ಸಿಕ್ಕ ವೇಬ್ರಿಜ್ಜಿನ ಚೀಟಿ. ಅವರ ಮಾತಿನಲ್ಲಿ ನ್ಯಾಯವಿತ್ತೆಂದು ಒಪ್ಪಿಕೊಳ್ಳಬೇಕು. ಆದರೆ ಹಿಂದಿನ ಬಲಚಕ್ರದ ಬಳಿ ಎಣ್ಣೆ ಜಿನುಗುತ್ತಿದೆಯೆಂದು ಅವನು ಮೊದಲ ಸರ್ವಿಸಿನಲ್ಲಿಯೇ ದೂರಿದ್ದ. ದೂರಿದ್ದು ಬಾಯಿಮಾತಿನಲ್ಲಿ, ಜಾಬ್ ಕಾರ್ಡಿನಲ್ಲಿ ಅದರ ಸುಳಿವಿರಲಿಲ್ಲ. "ಬರೆಸಲಿಲ್ಲವೇನೋ ತಮ್ಮಾ?" ಎಂದೆ. ಅವನು ತಲೆತಗ್ಗಿಸಿದ. ಓದದೆ ಜಾಮೀನು ಹಾಕಿದ್ದ ನನಗೆ ಅದಕ್ಕಿಂತ ಮುಂದೆ ಕೇಳಲು ಬಾಯಿರಲಿಲ್ಲ.

ಕಾನೂನು ಇಂಥವರನ್ನು ಕೈಬಿಟ್ಟಿಲ್ಲವೆಂಬುದನ್ನೂ ಹೇಳಬೇಕು. ವ್ಯಾಪಾರಕ್ಕೆಂದು ಕೊಂಡವನು ಗ್ರಾಹಕನಲ್ಲ ಎಂಬ ವಾದ ಸಾಮಾನ್ಯ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ, ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯಕ್ಕಾಗಿಯೇ ಕೊಂಡು ತಾನೇ ಬಳಸುವವನನ್ನು ಗ್ರಾಹಕನೆಂದು ಎಣಿಸುತ್ತದೆ. ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಮೊಕದ್ದಮೆಯ ತೀರ್ಪಿನಲ್ಲಿ, ಲಾರಿಯನ್ನು ಕೊಂಡು ತಾನೇ ಬಾಡಿಗೆಗೆ ಓಡಿಸುವವನು ಗ್ರಾಹಕನೇ ಎಂದು ಉದಾಹರಿಸಿತು. ಅಂಥವನು ಕಾರವಾರದಲ್ಲಿರುವ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ, ವ್ಯಾಜ್ಯದ ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ದೂರು ಕೊಡಬಹುದು. ಗಾಡಿ ಕೊಂಡ ಊರು ಬೇರೆ ಜಿಲ್ಲೆಯದಾದರೂ ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರಿಡಲು ಅವಕಾಶವಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಆದರೆ ಆಯೋಗ ನೋಡುವುದು ಬರಹವನ್ನು. ನಮ್ಮಲ್ಲಿ ನಮ್ಮ ಪರವಾದ ಬರಹವಿರಲಿಲ್ಲ. ನಮ್ಮ ವಿರುದ್ಧದ ಚೀಟಿ ಇತ್ತು. ನಾವು ಕಾರವಾರಕ್ಕೆ ಹೋಗಲಿಲ್ಲ.

ಆದುದರಿಂದ ಕೊಳ್ಳುವವರಿಗೆ ನನ್ನ ಸಲಹೆ ಇಷ್ಟು. ಮೊದಲು ನಿಮ್ಮ ನಿಜವಾದ ಹೊರೆಯನ್ನು, ಮಂಜುಗಡ್ಡೆಯನ್ನೂ ಸೇರಿಸಿ, ವೇಬ್ರಿಜ್ಜಿನಲ್ಲಿ ತೂಗಿಸಿ. ಅದನ್ನು ಹೊರಬಲ್ಲ ಗಾಡಿಯನ್ನೇ ಆರಿಸಿ. ಪಿಕಪ್ಪುಗಳಲ್ಲಿ ಒಂದು ಟನ್ನಿನಿಂದ ಎರಡು ಟನ್ನಿನ ಆಸುಪಾಸಿನವರೆಗೂ ಬಗೆಗಳಿವೆ. ಹೆಚ್ಚು ಹೊರೆಯ ಗಾಡಿಗೆ ಕೊಡುವ ಹೆಚ್ಚಿನ ಹಣ ವಾರಂಟಿಗೆ ಕೊಡುವುದಕ್ಕಿಂತ ಮೊದಲ ಲಾಭ. ಮಿತಿ ಮೀರಿದರೆ ಇಪ್ಪತ್ತು ಸಾವಿರ ರೂಪಾಯಿ ದಂಡ, ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ ಎರಡು ಸಾವಿರ ಎಂದು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆ ಹೇಳುತ್ತದೆ. ಅದಾದ ಮೇಲೆ ವಾರಂಟಿಯನ್ನು ಓದಿ, ಬೇಕೆನಿಸಿದರೆ ಕೊಳ್ಳಿ. ಕೊಂಡ ಮೇಲೆ ಪ್ರತಿಯೊಂದು ದೂರನ್ನೂ ಜಾಬ್ ಕಾರ್ಡಿನಲ್ಲಿ ಬರೆಸಿ. ಗೇರು ಹಾಕುವಾಗ ಹಿಂದಿನಿಂದ 'ಠಣ್' ಎಂದರೆ, ಓಟದಲ್ಲಿ ಊಳಿಡುವ ಸದ್ದು ಕೇಳಿದರೆ, ಚಕ್ರದ ಒಳಬದಿ ಎಣ್ಣೆಯಿಂದ ಒದ್ದೆಯಾಗಿದ್ದರೆ ಮುಂದಿನ ಸರ್ವಿಸಿನವರೆಗೆ ಕಾಯಬೇಡಿ.

ನನ್ನ ವಿದ್ಯಾರ್ಥಿ ಆ ಸಾಲವನ್ನು ಕಳೆದ ವರ್ಷ ತೀರಿಸಿದ. ತಾಯಿಯ ಬಳೆಗಳನ್ನು ಬಿಡಿಸಿ ತಂದ ದಿನ ನನ್ನ ಮನೆಗೂ ಬಂದಿದ್ದ. ಕಮಾನಿನ ಆ ಹೆಚ್ಚಿನ ಪಟ್ಟಿಯನ್ನು ತೆಗೆಸಿದ್ದಾನೆ. ಹೊರೆ ಹೆಚ್ಚಿದ್ದ ದಿನ ಇನ್ನೊಬ್ಬರ ಗಾಡಿಗೆ ಅರ್ಧ ಹಂಚುತ್ತಾನಂತೆ. ಲಾಭ ಸ್ವಲ್ಪ ಕಡಿಮೆ ಎಂದ. ಈಗ ಅವನ ತಮ್ಮ ಕುಮಟೆಯಲ್ಲಿ ಇನ್ನೊಂದು ಗಾಡಿ ಕೊಳ್ಳುವವನಿದ್ದಾನೆ. ಜಾಮೀನಿಗೆ ಮತ್ತೆ ನನ್ನ ಬಳಿಗೇ ಬಂದರು. ರುಜು ಹಾಕುತ್ತೇನೆ ಎಂದಿದ್ದೇನೆ. ಆದರೆ ಕಾಗದಗಳನ್ನು ಒಂದು ವಾರ ನನ್ನ ಬಳಿ ಬಿಟ್ಟು ಹೋಗಲು ಹೇಳಿದ್ದೇನೆ.

(ಆಕಾಶವಾಣಿಯ ಕೃಪೆಯಿಂದ)