ಬಿಸಿಲಷ್ಟೇ ಸಾಲದು, ಕಿಡ್ನಿಯೂ ಬೇಕು

ಮಳೆಗಾಲ ಬಿಟ್ಟರೆ ನಮ್ಮ ದಾಂಡೇಲಿಯಲ್ಲಿ ಬಿಸಿಲಿಗೆ ಬರವಿಲ್ಲ. ಆದರೂ ಕಿಡ್ನಿ ಕಾಯಿಲೆಯಿರುವ ನಮ್ಮ ನಾನಿಗೆ ವೈದ್ಯರು ವಿಟಮಿನ್ ಡಿ ಜೊತೆಗೆ ಪಿಟಿಎಚ್, ಅಂದರೆ ಪ್ಯಾರಾಥೈರಾಯ್ಡ್ ಹಾರ್ಮೋನಿನ ಪರೀಕ್ಷೆಯನ್ನೂ ಬರೆದುಕೊಟ್ಟರು. ಎರಡಕ್ಕೂ ಏನು ಸಂಬಂಧ?

ಬಿಸಿಲಿನಿಂದ ಚರ್ಮದಲ್ಲಿ ತಯಾರಾಗುವ ವಿಟಮಿನ್ ಡಿ ಹಾಗೆಯೇ ಕೆಲಸಕ್ಕೆ ಬರುವುದಿಲ್ಲ. ಅದು ಮೊದಲು ಯಕೃತ್ತಿನಲ್ಲಿ, ಆಮೇಲೆ ಕಿಡ್ನಿಯಲ್ಲಿ ಬದಲಾಗಿ ಕ್ಯಾಲ್ಸಿಟ್ರಿಯಾಲ್ ಆಗಬೇಕು. ಕರುಳು ಆಹಾರದಿಂದ ಕ್ಯಾಲ್ಸಿಯಂ ಹೀರಿಕೊಳ್ಳುವುದು ಇದರ ನೆರವಿನಿಂದ.

ಕಿಡ್ನಿ ಸೊರಗಿದರೆ ಕ್ಯಾಲ್ಸಿಟ್ರಿಯಾಲ್ ಕಡಿಮೆಯಾಗುತ್ತದೆ. ಹೊರಹೋಗಬೇಕಾದ ಫಾಸ್ಫೇಟ್ ದೇಹದಲ್ಲೇ ಉಳಿಯುತ್ತದೆ. ಆಗ ಕುತ್ತಿಗೆಯಲ್ಲಿ ಥೈರಾಯ್ಡ್ ಹಿಂದಿರುವ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳು ಹೆಚ್ಚು ಪಿಟಿಎಚ್ ಸ್ರವಿಸುತ್ತವೆ. ಅದು ಮೂಳೆಯಿಂದ ಕ್ಯಾಲ್ಸಿಯಂ ತೆಗೆದು ರಕ್ತಕ್ಕೆ ಕೊಡುತ್ತದೆ. ವರದಿಯಲ್ಲಿ ರಕ್ತದ ಕ್ಯಾಲ್ಸಿಯಂ ಸರಿಯಾಗಿ ಕಂಡರೂ ಒಳಗೆ ಮೂಳೆ ಸವೆಯುತ್ತಿರಬಹುದು.

ಕಿಡ್ನಿಯ ಸೋಸುವ ಪ್ರಮಾಣ (ಜಿಎಫ್‌ಆರ್) ನಿಮಿಷಕ್ಕೆ 60 ಮಿ.ಲೀ.ಗಿಂತ ಇಳಿಯುವ ಹೊತ್ತಿಗೇ ಪಿಟಿಎಚ್ ಏರತೊಡಗಬಹುದು. ನೋವು ಕಾಣಿಸುವುದು ಬಹಳ ತಡವಾಗಿ. ಮನೆಯಲ್ಲಿ ಸಕ್ಕರೆ ಕಾಯಿಲೆ, ಬಿಪಿ ಇರುವ ಹಿರಿಯರಿದ್ದರೆ ವರ್ಷಕ್ಕೊಮ್ಮೆ ಕ್ರಿಯಾಟಿನಿನ್ ಮತ್ತು ಮೂತ್ರ ಪರೀಕ್ಷೆ ಮಾಡಿಸಿ. ಕಿಡ್ನಿ ತೊಂದರೆ ಇರುವವರಿಗೆ ಕ್ಯಾಲ್ಸಿಯಂ ಮಾತ್ರೆಯನ್ನು ನೀವೇ ತಂದುಕೊಡಬೇಡಿ. ಹೆಚ್ಚಾದ ಕ್ಯಾಲ್ಸಿಯಂ ರಕ್ತನಾಳಗಳಲ್ಲಿ ಸೇರಿಕೊಳ್ಳಬಹುದು. ಯಾವ ಮಾತ್ರೆ, ಎಷ್ಟು ಎಂಬುದನ್ನು ವೈದ್ಯರೇ ಹೇಳಲಿ.