ಖಣದ ರವಿಕೆ ಮತ್ತು ಟಕ್ಸಿನ ಲೆಕ್ಕ

ಹೊಸ ರವಿಕೆ ಮೈಗೆ ಸರಿಯಾಗಿ ಕೂರದಿದ್ದಾಗ ನಮ್ಮ ಹೆಣ್ಣುಮಕ್ಕಳು ‘ನನ್ನ ಮೈಕಟ್ಟೇ ಹೀಗೆ’ ಎಂದು ಸಂಕೋಚಪಡುವುದನ್ನು ನಾವು ಮನೆಮನೆಗಳಲ್ಲಿ ಕಾಣುತ್ತೇವೆ. ಈ ಸಂಕೋಚ ಅನಗತ್ಯವಾದುದು. ದೋಷವಿರುವುದು ಬಹುಮಟ್ಟಿಗೆ ಅಳತೆಯಲ್ಲಿ, ಅದಕ್ಕೆ ಪರಿಹಾರವೂ ಉಂಟು.

ನಮ್ಮ ಅಜ್ಜಿಯಂದಿರ ಗುಳೇದಗುಡ್ಡ ಖಣದ ಕುಪ್ಪಸಕ್ಕೆ ಈ ತೊಡಕು ಕಡಿಮೆಯಿತ್ತು. ಮುಂದಿನ ಎರಡು ತುದಿಗಳನ್ನು ಎದೆಯ ಕೆಳಗೆ ಗಂಟು ಹಾಕಿದರೆ ಬೇಕಾದಷ್ಟು ಬಿಗಿ, ಬೇಕಾದಷ್ಟು ಸಡಿಲ. ಬಾಣಂತಿಗೂ ಅದೇ ಒಪ್ಪುತ್ತಿತ್ತು. ಹುಕ್ಕಿನ ರವಿಕೆ ಬಳಕೆಗೆ ಬಂದ ಮೇಲೆ ಮೈಯ ಉಬ್ಬುತಗ್ಗುಗಳಿಗೆ ಬಟ್ಟೆಯನ್ನು ಹೊಂದಿಸುವ ಹೊಣೆ ಟಕ್ಸಿನ ಮೇಲೆ ಬಿದ್ದಿತು. ಡಾರ್ಟ್ ಎಂದು ಕೆಲವರು ಕರೆಯುವುದೂ ಇದನ್ನೇ.

ಟಕ್ಸೆಂದರೆ ಬೆಣೆಯಾಕಾರದ ಮಡಿಕೆ. ಬಟ್ಟೆಯ ಅಂಚಿನಲ್ಲಿ ಅಗಲವಾಗಿ ಆರಂಭವಾಗಿ ಎದೆಯತ್ತ ಕಿರಿದಾಗುತ್ತ ಹೋಗುತ್ತದೆ. ಎದೆಯ ಅತ್ಯಂತ ಉಬ್ಬಿದ ಬಿಂದುವಿಗೆ ಸುಮಾರು 1 ಅಂಗುಲ ಮೊದಲೇ ಅದು ಮುಗಿಯಬೇಕು. ಕೊನೆಯ ನಾಲ್ಕಾರು ಹೊಲಿಗೆಗಳು ಮಡಿಕೆಯ ಅಂಚನ್ನು ಸವರಿಕೊಂಡೇ ಸಾಗಬೇಕು. ಅಲ್ಲಿ ಯಂತ್ರವನ್ನು ಹಿಂದುಮುಂದಾಗಿ ಓಡಿಸದೆ ದಾರವನ್ನು ಕೈಯಿಂದ ಗಂಟಿಕ್ಕಬೇಕು. ಇಲ್ಲವಾದರೆ ತುದಿಯಲ್ಲಿ ಗುಳ್ಳೆಯೇಳುತ್ತದೆ. ಮಿರುಗುವ ಖಣದಲ್ಲಂತೂ ಅದು ದೂರದಿಂದಲೇ ಕಾಣುತ್ತದೆ! ಖಣದ ಚಿಕ್ಕಿಗಳ ಸಾಲು ಒಂದೇ ದೊಡ್ಡ ಟಕ್ಸಿನಲ್ಲಿ ನುಂಗಿಹೋಗುವುದೂ ಉಂಟು. ಆದುದರಿಂದ ಅದನ್ನು ನಡು, ಪಕ್ಕ, ಕಂಕುಳುಗಳಿಗೆ ಚಿಕ್ಕಚಿಕ್ಕದಾಗಿ ಹಂಚುವುದು ಲೇಸು.

ಎದೆಯಿಂದ ಕಂಕುಳಿನತ್ತ ಓರೆ ಸುಕ್ಕುಗಳು ಎಳೆದು, ಮುಂಭಾಗದ ಕೆಳಅಂಚು ಮೇಲೇರಿದರೆ ಎದೆಯ ಭಾಗಕ್ಕೆ ಬಟ್ಟೆ ಸಾಲದಾಗಿದೆ ಎಂದು ತಿಳಿಯಬೇಕು. ಪಕ್ಕದ ಹೊಲಿಗೆಯನ್ನಷ್ಟೇ ಬಿಚ್ಚಿದರೆ ನಡು ಜೋಲುತ್ತದೆ. ಕತ್ತರಿಸುವಾಗಲೇ ಮುಂಭಾಗದ ಅಗಲವನ್ನೂ ಉದ್ದವನ್ನೂ ಹೆಚ್ಚಿಸಿ, ಹೆಚ್ಚಾದುದನ್ನು ದೊಡ್ಡ ಟಕ್ಸಿನಲ್ಲಿ ಹಿಡಿಯಬೇಕು. ಎದೆಯ ಭಾಗವೇ ಚೀಲದಂತೆ ಜೋಲಿದರೆ ಟಕ್ಸನ್ನು ಕಿರಿದು ಮಾಡಬೇಕು.

ಎರಡು ಪಾರ್ಶ್ವಗಳು ಸಮನಾಗಿರಲೇಬೇಕೆಂಬ ನಿಯಮವಿಲ್ಲ. ಹಾಲೂಡಿಸುವ ತಾಯಂದಿರಲ್ಲಿಯೂ ಸ್ತನದ ಶಸ್ತ್ರಚಿಕಿತ್ಸೆಯಾದವರಲ್ಲಿಯೂ ಈ ವ್ಯತ್ಯಾಸ ಎದ್ದು ಕಾಣಬಹುದು. ಅಂಥವರು ನಾಚದೆ ಎಡಬಲಗಳ ಅಳತೆಯನ್ನು ಬೇರೆಬೇರೆಯಾಗಿ ಕೊಡಬೇಕು. ಹೊಲಿಯುವವರೂ ಹುಬ್ಬೇರಿಸದೆ ಬರೆದುಕೊಳ್ಳಬೇಕು.

ಬೆಲೆಬಾಳುವ ಖಣಕ್ಕೆ ಕತ್ತರಿ ಹಾಕುವ ಮುನ್ನ ಹಳೆಯ ಹತ್ತಿಯ ಬಟ್ಟೆಯಲ್ಲೊಮ್ಮೆ ಹೊಲಿದು ನೋಡುವುದು ಒಳ್ಳೆಯದು. ಪಕ್ಕಗಳಲ್ಲಿ 1 ಅಂಗುಲದಷ್ಟು ಬಟ್ಟೆಯನ್ನು ಒಳಗೆ ಬಿಡಬೇಕು, ಟಕ್ಸಿನೊಳಗಿನ ಮಡಿಕೆಯನ್ನು ಕತ್ತರಿಸಿ ತೆಗೆಯಬಾರದು. ಮೈ ತುಂಬಿಕೊಂಡಾಗ ಬಿಚ್ಚಿ ಹೊಲಿಯಲು ಅವೆರಡೇ ಒದಗಿಬರುತ್ತವೆ.