‘ಮಾಲ್‌ಫಂಕ್ಷನ್ 54’ ಬಂದರೆ ‘ಪಿ’ ಒತ್ತಿ!

ಥೆರಾಕ್-25 ಕೆನಡಾದಲ್ಲಿ ತಯಾರಾದ, ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಚಿಕಿತ್ಸೆ ಕೊಡುವ ಯಂತ್ರ. 1986ರ ಮಾರ್ಚ್‌ನಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಟೈಲರ್ ಊರಿನಲ್ಲಿ ಅದರ ಪರದೆಯ ಮೇಲೆ ‘ಮಾಲ್‌ಫಂಕ್ಷನ್ 54’ ಎಂಬ ಸಂದೇಶ ಮೂಡಿತು. 202 ಯೂನಿಟ್ ಹೋಗಬೇಕಿದ್ದಲ್ಲಿ 6 ಯೂನಿಟ್ ಮಾತ್ರ ಹೋಗಿದೆ ಎಂದೂ ಪರದೆ ತೋರಿಸಿತು. ಆಪರೇಟರ್ ಚಿಕಿತ್ಸೆ ಮುಂದುವರಿಸಲು ‘ಪಿ’ ಕೀಲಿ ಒತ್ತಿದರು. ಯಂತ್ರ ಮತ್ತೆ ವಿಕಿರಣ ಹಾಯಿಸಿತು. ಅಸಲಿಗೆ ರೋಗಿಯ ಮೈಗೆ ಬಿದ್ದದ್ದು ನಿಗದಿಗಿಂತ ಹಲವು ಪಟ್ಟು ಹೆಚ್ಚು. ಐದು ತಿಂಗಳಲ್ಲಿ ಆತ ತೀರಿಕೊಂಡ.

ಆಪರೇಟರನ್ನು ದೂರಿ ಫಲವಿಲ್ಲ. ಈ ಯಂತ್ರ ಮಾತೆತ್ತಿದರೆ ಮುನಿಸಿಕೊಳ್ಳುತ್ತಿತ್ತು, ‘ಪಿ’ ಒತ್ತಿದರೆ ಸರಿಹೋಗುತ್ತಿತ್ತು. 54 ಅಂದರೇನೆಂದು ಕೈಪಿಡಿಯಲ್ಲೂ ವಿವರವಿರಲಿಲ್ಲ. ಅರ್ಥವಾಗದ ಸಂದೇಶ ಪದೇ ಪದೇ ಬಂದರೆ ಯಾರಾದರೂ ಅದನ್ನು ಓದುವುದನ್ನೇ ಬಿಟ್ಟುಬಿಡುತ್ತಾರೆ. ಇನ್ನು ವರದಿ ಮಾಡುವುದೆಲ್ಲಿ ಬಂತು?

ಬಳಕೆದಾರ ಹೇಳದಿದ್ದರೆ ಸಾಫ್ಟ್‌ವೇರೇ ಹೇಳಲಿ ಎಂಬ ದಾರಿಯನ್ನು ಮೈಕ್ರೋಸಾಫ್ಟ್ ಹಿಡಿಯಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಪ್ರೋಗ್ರಾಂ ಕುಸಿದುಬಿದ್ದರೆ ‘ವರದಿ ಕಳಿಸಲೇ?’ ಎಂಬ ಕಿಟಕಿ ತೆರೆದುಕೊಳ್ಳುತ್ತಿತ್ತು. ಒಪ್ಪಿದರೆ ಪ್ರೋಗ್ರಾಮಿನ ಹೆಸರು, ಆವೃತ್ತಿ, ಎಡವಿದ ಮಾಡ್ಯೂಲ್, ಅದರೊಳಗೆ ಎಡವಿದ ಜಾಗ, ಜೊತೆಗೆ ಮೆಮೊರಿಯ ಒಂದಿಷ್ಟು ತುಣುಕು ಕಂಪನಿಗೆ ಹೋಗುತ್ತಿದ್ದವು. ಆ ತುಣುಕಿನಲ್ಲಿ ಖಾಸಗಿ ಮಾಹಿತಿಯೂ ಸಿಕ್ಕಿಕೊಂಡಿರಬಹುದು. ಅನುಮತಿ ಕೇಳುತ್ತಿದ್ದುದು ಅದಕ್ಕೇ.

ಒಂದೇ ಜಾಗದಲ್ಲಿ ಎಡವಿದ ವರದಿಗಳೆಲ್ಲ ಒಂದೇ ಬುಟ್ಟಿಗೆ ಬೀಳುತ್ತವೆ. ಯಾವ ಬುಟ್ಟಿ ಬೇಗ ತುಂಬುತ್ತದೋ ಅದರ ದುರಸ್ತಿ ಮೊದಲು. ಹೀಗೆ ಎಣಿಸಿದಾಗ ಶೇ 1ರಷ್ಟು ದೋಷಗಳೇ ಅರ್ಧದಷ್ಟು ತೊಂದರೆಗೆ ಕಾರಣ ಎಂದು ಗೊತ್ತಾಯಿತು. 2002ರಲ್ಲಿ ಕಂಪನಿಯ ಮುಖ್ಯಸ್ಥ ಸ್ಟೀವ್ ಬಾಲ್ಮರ್ ಅವರೇ ಇದನ್ನು ಗ್ರಾಹಕರಿಗೆ ತಿಳಿಸಿದರು.

ಆದರೆ ಈ ಜಾಣ್ಮೆಗೂ ಮಿತಿಯಿದೆ. ಕುಸಿದುಬಿದ್ದ ಪ್ರೋಗ್ರಾಂ ಸಿಕ್ಕಿಬೀಳುತ್ತದೆ, ಕುಸಿಯದೆ ತಪ್ಪು ಲೆಕ್ಕ ಕೊಡುವುದು ತಪ್ಪಿಸಿಕೊಳ್ಳುತ್ತದೆ. ಥೆರಾಕ್-25 ಎರಡನೆಯ ಜಾತಿಯದು. ಟೈಲರ್‌ನಲ್ಲಿ ಏಪ್ರಿಲ್‌ನಲ್ಲಿ ಎರಡನೇ ಅವಘಡವಾದ ಮೇಲೆ ಅಲ್ಲಿನ ಭೌತವಿಜ್ಞಾನಿಯೂ ಆಪರೇಟರೂ ಕೂತು, ಅಂದು ಒತ್ತಿದ ಕೀಲಿಗಳನ್ನೇ ಅದೇ ಕ್ರಮದಲ್ಲಿ ಮತ್ತೆ ಮತ್ತೆ ಒತ್ತಿ ನೋಡಿದರು. ಎಕ್ಸ್-ರೇಗೆಂದು ತಪ್ಪಾಗಿ ಒತ್ತಿದ ‘ಎಕ್ಸ್’ ಅನ್ನು ಎಲೆಕ್ಟ್ರಾನಿನ ‘ಇ’ ಎಂದು ತಿದ್ದಿ, ಉಳಿದದ್ದನ್ನೂ ಸರಸರನೆ ಮುಗಿಸಿದರೆ ಮಾತ್ರ 54 ಬರುತ್ತಿತ್ತು. ಎಂಟು ಸೆಕೆಂಡಿನೊಳಗೆ ಮಾಡಿದ ತಿದ್ದುಪಡಿ ಸಾಫ್ಟ್‌ವೇರಿನ ಗಮನಕ್ಕೇ ಬರುತ್ತಿರಲಿಲ್ಲ.

ಹಾಗಾಗಿ ನಿಮ್ಮ ಮೊಬೈಲಿನ ಆ್ಯಪ್ ಎಡವಟ್ಟು ಮಾಡಿದರೆ ‘ಓಕೆ’ ಒತ್ತುವ ಮುನ್ನ ಒಂದು ಸ್ಕ್ರೀನ್‌ಶಾಟ್ ತೆಗೆದಿಡಿ. ಅದಕ್ಕೂ ಮೊದಲು ಏನೇನು ಒತ್ತಿದಿರಿ, ಯಾವ ಕ್ರಮದಲ್ಲಿ ಎಂಬುದನ್ನೂ ಸೇರಿಸಿ ಬರೆದು ಕಳಿಸಿ.